ಬ್ಯಾಗ್ ಕಾಯಲು ಟಿಕೆಟ್ ಕೊಂಡವರು

ನಾಳೆ ವಂಡರ್‌ಲಾ ಎಂದರೆ ನಮ್ಮ ಮನೆಗಳಲ್ಲಿ ಇವತ್ತು ರಾತ್ರಿಯೇ ಅರ್ಧ ಪ್ರವಾಸ ಮುಗಿದಿರುತ್ತದೆ. ಸೋಫಾದ ಮೇಲೆ ಟವೆಲ್‌ಗಳ ಗುಡ್ಡೆ, ಅಡುಗೆಮನೆಯಲ್ಲಿ ಪುಳಿಯೋಗರೆ, ಒಂದು ಡಬ್ಬ ಕೋಡುಬಳೆ, ಎರಡು ಸ್ಟೀಲ್ ಬಾಟಲಿ, ಪವರ್ ಬ್ಯಾಂಕ್, ‘ಇರಲಿ ಬಿಡು, ಭಾರವೇನು’ ಎಂದು ಒಳಸೇರುವ ಮೂರನೇ ಜೊತೆ ಬಟ್ಟೆ. ಧರ್ಮಸ್ಥಳಕ್ಕೋ ತಿರುಪತಿಗೋ ಹೊರಡುವಾಗ ತುಂಬುವ ಕ್ರಮವೇ ಇದು. ಅಲ್ಲಿಗೆ ಅದು ಸರಿ. ರಾತ್ರಿ ತಂಗಬೇಕು, ರೂಮಿನಲ್ಲಿ ಚೀಲ ಇಟ್ಟು ಬೀಗ ಹಾಕಿ ದರ್ಶನಕ್ಕೆ ಹೋಗಬಹುದು. ಥೀಮ್ ಪಾರ್ಕಿನಲ್ಲಿ ಹಾಗಲ್ಲ. ಬೆಳಗ್ಗೆ ಹೋಗಿ ಸಂಜೆ ಬರುತ್ತೀರಿ, ನಡುವೆ ಹತ್ತಾರು ಸಲ ಮೈಮೇಲಿನದನ್ನೆಲ್ಲ ಕಳಚಿಟ್ಟು ಸೀಟಿನಲ್ಲಿ ಕೂರಬೇಕು. ಈ ದಿನಕ್ಕೆ ಯಾತ್ರೆಯ ಚೀಲ ಕಟ್ಟುವುದು ಹೊಂದದ ಪದ್ಧತಿ. ಅದು ಎಲ್ಲಿ ಕೆಡುತ್ತದೆ, ಅದರ ಬೆಲೆ ಯಾರು ತೆರುತ್ತಾರೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಬಿಡದಿ ಬಳಿಯ ವಂಡರ್‌ಲಾ ಶುರುವಾದದ್ದು 2005ರಲ್ಲಿ. ಸುಮಾರು 82 ಎಕರೆ ಜಾಗ. ಅಷ್ಟು ಜಾಗದಲ್ಲಿ ದಿನವಿಡೀ ಓಡಾಡುವವರಿಗೆ ಅಲ್ಲಿಯ ಎರಡು ನಿಯಮ ಮುಖ್ಯ. ಹೊರಗಿನ ಊಟ ತಿಂಡಿ ಒಳಗೆ ಬಿಡುವುದಿಲ್ಲ. ನೀರಿನ ಆಟಗಳಿಗೆ ಹತ್ತಿ ಬಟ್ಟೆ, ಸೀರೆ, ಜೀನ್ಸ್ ನಡೆಯುವುದಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಜಾತಿಯ ಬಟ್ಟೆಯೇ ಬೇಕು. ಎರಡೂ ಗುಟ್ಟಿನ ನಿಯಮಗಳಲ್ಲ. ಆದರೂ ಗೇಟಿನ ಮುಂದೆ ಡಬ್ಬಿಗಳ ವಾದ ನಡೆಯುತ್ತಲೇ ಇರುತ್ತದೆ.

ಊಟದ ನಿಯಮ ನನಗೇನೂ ಇಷ್ಟವಿಲ್ಲ. ನಾಲ್ಕು ಜನರ ಸಂಸಾರಕ್ಕೆ ಟಿಕೆಟ್ ದುಡ್ಡೇ ಕೈ ಕಚ್ಚುತ್ತದೆ, ಅದರ ಮೇಲೆ ಒಳಗಿನ ಊಟ. ಆದರೆ ನಿಯಮ ಇದೆ ಎಂದು ಗೊತ್ತಿದ್ದೂ ಪುಳಿಯೋಗರೆ ಹೊತ್ತು ಹೋಗುವುದು ಪ್ರತಿಭಟನೆಯೂ ಅಲ್ಲ, ಉಳಿತಾಯವೂ ಅಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಹೊಟ್ಟೆ ಗಟ್ಟಿ ಮಾಡಿಕೊಂಡು ಒಳಗೆ ಹೋದರೆ ಮಧ್ಯಾಹ್ನದ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ. (ಹೊಸ ಹೆದ್ದಾರಿ ಬಿಡದಿ ಪೇಟೆಯನ್ನು ಬದಿಗಿಟ್ಟು ಹೋಗುತ್ತದೆ, ಇಡ್ಲಿ ಬೇಕಾದವರು ಸರ್ವಿಸ್ ರಸ್ತೆ ಹಿಡಿಯಬೇಕು.) ಬಟ್ಟೆಯ ನಿಯಮ ಮಾತ್ರ ನಮ್ಮ ಪಾಲಿನ ಉಪಕಾರ. ಹತ್ತಿಯ ನೂಲಿನೆಳೆ ಕಳಚಿ ಕೊಳದ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಪಾರ್ಕಿನ ಚಿಂತೆ, ನೆಂದ ಹತ್ತಿ ಭಾರವಾಗುತ್ತದೆ, ಬೇಗ ಒಣಗುವುದಿಲ್ಲ ಎಂಬುದು ನಮ್ಮ ಚಿಂತೆಯಾಗಬೇಕು. ಒಂದು ಜೀನ್ಸ್ ಒಣಗಿದ್ದಾಗಲೇ ಅರ್ಧ ಕಿಲೋ ದಾಟುತ್ತದೆ. ಪಾಲಿಯೆಸ್ಟರಿನ ಟಿ-ಶರ್ಟು, ಚಡ್ಡಿ ಮಡಚಿದರೆ ಅಂಗೈಯಗಲ. ಹಿಂಡಿ ಗಾಳಿಗೆ ಹಿಡಿದರೆ ಸಂಜೆಯೊಳಗೆ ಮುಕ್ಕಾಲು ಪಾಲು ಒಣಗಿರುತ್ತದೆ. ನಿಯಮ ಓದಿಕೊಂಡು ಬಂದವರ ಬ್ಯಾಗು ತಾನಾಗಿಯೇ ಹಗುರ. ಓದದೆ ಬಂದವರು ಮನೆಯಿಂದ ತಂದದ್ದನ್ನೂ ಹೊರುತ್ತಾರೆ, ಅಲ್ಲೇ ಅಂಗಡಿಯಲ್ಲಿ ಕೊಂಡದ್ದನ್ನೂ ಹೊರುತ್ತಾರೆ.

ಒಮ್ಮೆ ತೂಕ ಹಾಕಿ ನೋಡಿ. ಒಂದು ಲೀಟರ್ ನೀರೆಂದರೆ ಒಂದು ಕಿಲೋ, ಅದರಲ್ಲಿ ರಿಯಾಯಿತಿ ಇಲ್ಲ. ಅದನ್ನು ಹಿಡಿಯುವ ಬಿಸಿ-ತಣ್ಣನೆಯ ಸ್ಟೀಲ್ ಬಾಟಲಿ ಖಾಲಿ ಇದ್ದಾಗಲೇ ಅರ್ಧ ಕಿಲೋ ಸುಮಾರು. ದಪ್ಪ ಟರ್ಕಿ ಟವೆಲ್ ಎರಡು ಇಟ್ಟರೆ ಇನ್ನೊಂದು ಕಿಲೋ, ಸಂಜೆ ನೆಂದ ಮೇಲೆ ಅದರ ದುಪ್ಪಟ್ಟು. ಪವರ್ ಬ್ಯಾಂಕು ಕಾಲು ಕಿಲೋ. ಬ್ಯಾಗಿನದೇ ತೂಕ ಮುಕ್ಕಾಲು ಕಿಲೋ. ಇನ್ನೂ ಬಟ್ಟೆ ಸೇರಿಲ್ಲ, ಆಗಲೇ ಮೂರೂವರೆ ಕಿಲೋ ಮುಟ್ಟಿತು. 2019ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಚೀಲದ ತೂಕಕ್ಕೆ ಮಿತಿ ಹಾಕಿದಾಗ ಒಂದು-ಎರಡನೇ ತರಗತಿಯ ಮಕ್ಕಳಿಗೆ ಗೊತ್ತು ಮಾಡಿದ್ದು ಹೆಚ್ಚೆಂದರೆ 2 ಕಿಲೋ. ಪಾರ್ಕಿನ ದಿನಕ್ಕೆ ನಾನು ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ. ಆಟಕ್ಕೆಂದು ಹೋಗುವ ದೊಡ್ಡವರು ಪಾಠಕ್ಕೆ ಹೋಗುವ ಆರು ವರ್ಷದ ಮಗುವಿಗಿಂತ ಹೆಚ್ಚು ಹೊರುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಮಿತಿಯೊಳಗೆ ಬರುವುದು ಕಷ್ಟವೂ ಅಲ್ಲ. ಒಳಗೆ ಕುಡಿಯುವ ನೀರು ಸಿಗುತ್ತದೆ, ಅರ್ಧ ಲೀಟರಿನ ಹಗುರ ಬಾಟಲಿ ಒಂದಿದ್ದರೆ ತುಂಬಿಸಿಕೊಳ್ಳುತ್ತಾ ಹೋಗಬಹುದು. ಟರ್ಕಿ ಟವೆಲ್ ಬದಲು ಕರಾವಳಿಯವರ ಬೈರಾಸದಂಥ ತೆಳು ಟವೆಲ್ ಸಾಕು. ಒರೆಸುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ, ಕುತ್ತಿಗೆಗೆ ಸುತ್ತಿಕೊಂಡರೆ ಬಿಸಿಲಿಗೂ ಆಗುತ್ತದೆ, ಕುರ್ಚಿಯ ಬೆನ್ನಿಗೆ ಹಾಕಿದರೆ ಊಟ ಮುಗಿಯುವುದರೊಳಗೆ ಒಣಗುತ್ತದೆ. ಮೈಕ್ರೋಫೈಬರ್ ಎಂದು ಮಾರುವ ದುಬಾರಿ ಟವೆಲ್‌ಗಳು ಇದಕ್ಕಿಂತ ಹೆಚ್ಚೇನೂ ಮಾಡುವುದನ್ನು ನಾನು ನೋಡಿಲ್ಲ. ಜೊತೆಗೆ ಮೈಗೆ ಅಂಟುತ್ತವೆ.

ಇನ್ನು ಬ್ಯಾಗಿನ ವಿಚಾರ. ಮನೆಯಲ್ಲಿ ಸುಲಭಕ್ಕೆ ಕೈಗೆ ಸಿಗುವುದು ಲ್ಯಾಪ್‌ಟಾಪ್ ಬ್ಯಾಗು. ಅದರ ಅರ್ಧ ಹೊಟ್ಟೆ ಲ್ಯಾಪ್‌ಟಾಪಿಗೆಂದು ಹಾಕಿದ ಸ್ಪಂಜಿನ ಗೋಡೆ. ಒಮ್ಮೆ ನೆಂದರೆ ಎರಡು ದಿನ ಒಣಗದು, ಒಣಗಿದ ಮೇಲೂ ವಾಸನೆ ಬಿಡದು. ವ್ಯಾನಿಟಿ ಬ್ಯಾಗು ಒಂದೇ ಹೆಗಲಿಗೆ ತೂಗುತ್ತದೆ, ಜಾರುತ್ತಲೇ ಇರುತ್ತದೆ, ಒಂದು ಕೈ ಇಡೀ ದಿನ ಅದಕ್ಕೇ ಮೀಸಲು. ಜಿಮ್ಮಿನವರು, ಮ್ಯಾರಥಾನಿನವರು ಪುಕ್ಕಟೆ ಕೊಡುವ ದಾರ ಎಳೆಯುವ ಚೀಲ ನೋಡಲು ಬಹಳ ಹಗುರ. ಅದರ ಮೇಲೆ ನನಗೂ ಆಸೆ ಇತ್ತು. ಆದರೆ ಒಂದು ಕಿಲೋ ದಾಟಿತೆಂದರೆ ಆ ದಾರ ಹೆಗಲನ್ನು ಕೊಯ್ಯುತ್ತದೆ. ಅದಕ್ಕಿಂತ ದೊಡ್ಡ ದೋಷ ಅದರ ಬಾಯಿ. ಎಷ್ಟು ಎಳೆದರೂ ಪೂರ್ತಿ ಮುಚ್ಚದು. ನೂಕುನುಗ್ಗಲಿನ ಸಾಲಿನಲ್ಲಿ ಫೋನು ಪರ್ಸು ಅದರೊಳಗೆ ಇರುವುದು ಬೇಡ.

ಉಳಿದದ್ದು 10 ಲೀಟರ್ ಆಸುಪಾಸಿನ, ಒಂದೇ ಹೊಟ್ಟೆಯ, ಜಿಪ್ ಇರುವ ಪುಟ್ಟ ಬೆನ್ನುಚೀಲ. ಡೆಕಾತ್ಲಾನಿನಂಥ ಕ್ರೀಡಾ ಅಂಗಡಿಗಳಲ್ಲಿ ಮಕ್ಕಳೂ ದೊಡ್ಡವರೂ ಹೆಗಲಿಗೇರಿಸಿ ನೋಡುವ ತೆಳು ಬಟ್ಟೆಯ ಚೀಲವಿದೆಯಲ್ಲ, ಅದೇ. ಚೆಂದಕ್ಕೆ ಅಂಕ ಕೊಡಲಾರೆ, ಕೆಲಸಕ್ಕೆ ಪೂರ್ತಿ ಅಂಕ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಿ. ಪಕ್ಕದ ಜೇಬಿಗೆ ಬಾಟಲಿ ಹಾಕಿ, ಬ್ಯಾಗ್ ಹೆಗಲಲ್ಲಿರುವಂತೆಯೇ ಚಪ್ಪಲಿ ಬಿಚ್ಚುವವರ ಹಾಗೆ ಬಗ್ಗಿ. ಜೇಬು ಆಳವಿಲ್ಲದಿದ್ದರೆ ಬಾಟಲಿ ನಿಮ್ಮ ಕಿವಿಯ ಪಕ್ಕದಿಂದಲೇ ನೆಲಕ್ಕೆ ಬೀಳುತ್ತದೆ. ನೀರಿನಾಟದ ದಿನ ಚಪ್ಪಲಿ ಬಿಚ್ಚಿ ಹಾಕುವುದು ಎಷ್ಟು ಸಲವೋ, ಅಷ್ಟು ಸಲ ಇದೇ ಕಥೆ. ಎರಡನೆಯದು, ಚೀಲವನ್ನು ಒಳಹೊರಗು ಮಾಡಿ ತಳ ನೋಡಿ. ಒಳಗಡೆ ನುಣುಪು ಲೇಪವಿರುವ ಬ್ಯಾಗುಗಳನ್ನು ವಾಟರ್‌ಪ್ರೂಫ್ ಎಂದು ಹೊಗಳಿ ಮಾರುತ್ತಾರೆ. ಹೊರಗಿನ ನೀರು ಒಳಬಾರದಂತೆ ತಡೆಯುವ ಆ ಲೇಪವೇ ಒಳಗಿನ ನೀರು ಹೊರಹೋಗದಂತೆಯೂ ತಡೆಯುತ್ತದೆ. ಒದ್ದೆ ಬಟ್ಟೆಯಿಂದ ಇಳಿದ ನೀರು ತಳದ ಹೊಲಿಗೆಯಲ್ಲಿ ನಿಂತು, ಬಿಸ್ಕೆಟ್ ಪುಡಿ, ಪಾರ್ಕಿಂಗ್ ಚೀಟಿ, ಕರಗಿದ ಪೆಪ್ಪರ್‌ಮಿಂಟು ಸೇರಿ ಸಂಜೆಗೆ ಒಂದು ಪಾಯಸ. ಹಾಗಾಗಿ ಬ್ಯಾಗಿನ ಜಾಹೀರಾತಿನ ಮಾತಿಗಿಂತ ಗಂಟು ಹಾಕಬಹುದಾದ ಒಂದು ದಪ್ಪ ಪ್ಲಾಸ್ಟಿಕ್ ಕವರು ಹೆಚ್ಚು ನಂಬಿಕಸ್ತ. ಫೋನಿನ ಐಪಿ68 ಗುರುತಿನ ಕಥೆಯೂ ಇದೇ. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಕ್ಲೋರಿನ್ ಹಾಕಿದ ಕೊಳದಲ್ಲಲ್ಲ.

ಇಷ್ಟೆಲ್ಲ ಸರಿ ಮಾಡಿದರೂ ಮುಖ್ಯ ಪ್ರಶ್ನೆ ಹಾಗೇ ಉಳಿಯುತ್ತದೆ: ಬ್ಯಾಗು ಎಲ್ಲಿರಬೇಕು? ಮುಂದೆ ಓಡಿ, ತಲೆಕೆಳಗಾಗಿ, ಅದೇ ಹಳಿಯಲ್ಲಿ ಹಿಂದಕ್ಕೂ ಓಡುವ ರೀಕಾಯಿಲ್‌ನಂಥ ಕೋಸ್ಟರಿಗೆ ಜೇಬಿನಲ್ಲಿ ನಾಣ್ಯ ಇಟ್ಟುಕೊಂಡು ಹತ್ತುವುದೂ ತರವಲ್ಲ. ವೇವ್ ಪೂಲಿಗೆ ಬ್ಯಾಗ್ ತರುವಂತಿಲ್ಲ. ಬಾಡಿಗೆಗೆ ಲಾಕರ್ ಇದೆ. ಆದರೆ ಜನ ಅದನ್ನು ಬಳಸಲು ಹಿಂಜರಿಯುತ್ತಾರೆ. ದುಡ್ಡಿಗಾಗಿ ಸ್ವಲ್ಪ, ‘ಆಗಾಗ ಏನಾದರೂ ಬೇಕಾಗುತ್ತೆ’ ಎಂಬ ಕಾರಣಕ್ಕೆ ಹೆಚ್ಚು. ಕೊನೆಗೆ ಸಿಗುವ ಪರಿಹಾರ ನಮ್ಮಲ್ಲಿ ಬಹಳ ಹಳೆಯದು. ಅಮ್ಮ ಕೂತಿರುತ್ತಾಳೆ. ಅಮ್ಮ ಇಲ್ಲದಿದ್ದರೆ ಅಜ್ಜಿ, ಇಲ್ಲವೇ ದೊಡ್ಡ ಸೊಸೆ. ವೇವ್ ಪೂಲಿನ ಸುತ್ತಲಿನ ನೆರಳಿನಲ್ಲಿ ಒಂದು ಸುತ್ತು ಹೊಡೆದರೆ ಸಾಕು, ತೊಡೆಯ ಮೇಲೊಂದು, ಕಾಲ ಬಳಿ ಎರಡು ಬ್ಯಾಗು, ಪಕ್ಕದಲ್ಲಿ ನಾಲ್ಕು ಜೊತೆ ಚಪ್ಪಲಿ, ಮಡಿಲಲ್ಲಿ ಮೂರು ಫೋನು ಇಟ್ಟುಕೊಂಡ ಹೆಂಗಸರು ಕಾಣುತ್ತಾರೆ. ಅವರೂ ಟಿಕೆಟ್ ಕೊಂಡೇ ಒಳಗೆ ಬಂದವರು. ಕೆಲವರಿಗೆ ಆಟ ಬೇಡವಾಗಿರಬಹುದು, ಸೊಂಟ ನೋವಿರಬಹುದು, ಅದು ಬೇರೆ ಮಾತು. ‘ನನಗೇನೂ ಬೇಡಪ್ಪ, ನೀವು ಹೋಗಿ ಬನ್ನಿ’ ಎನ್ನುವ ಎಲ್ಲರಿಗೂ ನಿಜವಾಗಿ ಬೇಡವಾಗಿತ್ತೇ ಎಂಬುದು ನನ್ನ ಅನುಮಾನ. ಬ್ಯಾಗು ಅಲ್ಲಿಲ್ಲದಿದ್ದರೆ ಅವರಲ್ಲಿ ಅರ್ಧ ಜನರಾದರೂ ಮೊಣಕಾಲು ನೀರಿಗಾದರೂ ಇಳಿಯುತ್ತಿದ್ದರು.

ಹಗುರವಾಗಿ ಹೊರಡಬೇಕು ಎಂದು ಉಪದೇಶಿಸುವವರ ಮೇಲೆ ನನ್ನ ಆಕ್ಷೇಪವೂ ಇಲ್ಲೇ. ಕೈ ಬೀಸಿಕೊಂಡು ನಡೆಯುವ ಗಂಡಸರನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅವರ ಕನ್ನಡಕ, ಕಾರಿನ ಕೀ, ಪರ್ಸು, ಚಾರ್ಜರ್ ಎಲ್ಲ ಹೆಂಡತಿಯ ಬ್ಯಾಗಿನಲ್ಲಿ ಕ್ಷೇಮವಾಗಿರುತ್ತವೆ. ಭಾರ ಕಡಿಮೆಯಾಗಿಲ್ಲ, ಹೆಗಲು ಬದಲಾಗಿದೆ ಅಷ್ಟೆ. ಹಗುರ ಪ್ಯಾಕಿಂಗನ್ನು ಅಳೆಯುವಾಗ ಒಬ್ಬೊಬ್ಬರ ಕೈ ನೋಡಬಾರದು, ಇಡೀ ಗುಂಪಿನ ತೂಕ ಕೂಡಿಸಬೇಕು.

ಜಗತ್ತಿನ ಇನ್ನೊಂದು ತುದಿಯಲ್ಲಿ ಇದೇ ಸಮಸ್ಯೆಯನ್ನು ಬೇರೆ ರೀತಿ ನಿಭಾಯಿಸಿದ್ದಾರೆ. ಅಮೆರಿಕದಲ್ಲಿ ಮಕ್ಕಳಿರುವ ಅಪ್ಪ-ಅಮ್ಮಂದಿರ ಪ್ರವಾಸಪಟ್ಟಿಯಲ್ಲಿ ನಯಾಗರದ ಜೊತೆಗೆ ಫ್ಲಾರಿಡಾದ ಒರ್‍ಲ್ಯಾಂಡೊ ಸೇರಿ ಕಾಲವಾಯಿತು. ಅಲ್ಲಿಯ ಡಿಸ್ನಿ ವರ್ಲ್ಡ್ ಬ್ಯಾಗಿನ ಅಳತೆಗೆ ಮಿತಿ ಇಟ್ಟಿದೆ: ಉದ್ದ 24, ಅಗಲ 15, ಎತ್ತರ 18 ಇಂಚು. ಸೂಟ್‌ಕೇಸೇ ಹಿಡಿಸುವಷ್ಟು ಧಾರಾಳದ ಮಿತಿ ಅದು. ತಮಾಷೆಯೆಂದರೆ, ಬಿಡದಿಯ ಗೇಟಿನಲ್ಲಿ ನಿಲ್ಲುವ ಪುಳಿಯೋಗರೆ ಅಲ್ಲಿ ಸಲೀಸಾಗಿ ಒಳಹೋಗುತ್ತದೆ. ಗಾಜಿನ ಡಬ್ಬಿ ಇರಬಾರದು, ಬಿಸಿ ಮಾಡಬೇಕಾದ ಪದಾರ್ಥ ಇರಬಾರದು, ಅಷ್ಟೇ. ಕೌಂಟರಿನ ಊಟದ ಅಂಗಡಿಗಳಲ್ಲಿ ಕೇಳಿದರೆ ಲೋಟದಲ್ಲಿ ತಣ್ಣೀರು ಪುಕ್ಕಟೆ ಕೊಡುತ್ತಾರೆ. ಅಲ್ಲಿಯ ಬಹುಪಾಲು ಸವಾರಿಗಳಲ್ಲಿ ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡೇ ಕೂರಬಹುದು. ಅದೇ ಊರಿನ ಯೂನಿವರ್ಸಲ್ ಪಾರ್ಕಿನಲ್ಲಿ ರೀತಿ ಬೇರೆ. ದೊಡ್ಡ ಕೋಸ್ಟರುಗಳ ಮುಂದೆ ಲೋಹಶೋಧಕವಿದೆ, ಫೋನನ್ನೂ ಜೇಬಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದಕ್ಕೆ ಸರಿಯಾಗಿ ಸವಾರಿಯ ಬಾಗಿಲಲ್ಲೇ ಸಣ್ಣ ಲಾಕರುಗಳನ್ನು ಉಚಿತವಾಗಿ ಕೊಟ್ಟಿದ್ದಾರೆ. 2021ರಲ್ಲಿ ತೆರೆದ ವೆಲಾಸಿಕೋಸ್ಟರಿನಲ್ಲಂತೂ ಲಾಕರಿಗೆ ಎರಡೂ ಕಡೆ ಬಾಗಿಲು. ಹತ್ತುವಾಗ ಈ ಕಡೆಯಿಂದ ಇಟ್ಟು ಇಳಿದ ಮೇಲೆ ಆ ಕಡೆಯಿಂದ ತೆಗೆದುಕೊಳ್ಳಬಹುದು. ಬ್ಯಾಗ್ ಕಾಯಲು ಮನುಷ್ಯರು ಬೇಕಾಗದಂತೆ ಮಾಡುವ ಏರ್ಪಾಡು ಇದು. ನಮ್ಮ ಪಾರ್ಕುಗಳಿಂದಲೂ ನಾನು ಕೇಳುವುದು ಇದನ್ನೇ, ಇನ್ನೊಂದು ಹೊಸ ಕೋಸ್ಟರನ್ನಲ್ಲ.

ಹಾಗೆಂದು ಅಲ್ಲಿಯವರ ಬ್ಯಾಗಿನ ಅಭಿರುಚಿಯನ್ನು ಹೊಗಳಲಾರೆ. ಡಿಸ್ನಿ ಭಕ್ತರ ಬೆನ್ನ ಮೇಲೆ ಲೌಂಜ್‌ಫ್ಲೈ ಎಂಬ ಪುಟ್ಟ ಚೀಲಗಳು ಎಲ್ಲೆಲ್ಲೂ. ಮಿಕ್ಕಿಯ ಕಿವಿ, ಮಿನುಗು, ಕಸೂತಿ, ಕೃತಕ ಚರ್ಮ. ಚೆಂದವಿದೆ, ಸಂಗ್ರಹಿಸುವವರೂ ಇದ್ದಾರೆ. ಆದರೆ ನೀರಿನ ಬಾಟಲಿಗೆ ಹೇಳಿಕೊಳ್ಳುವಂಥ ಜಾಗವಿಲ್ಲ, ಬೆನ್ನಿಗೆ ಗಾಳಿಯಾಡದು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಹೇಳದೆ ಕೇಳದೆ ಸುರಿಯುವ ಫ್ಲಾರಿಡಾ ಮಳೆಗೆ ಅದು ತಕ್ಕದ್ದೂ ಅಲ್ಲ. ಅದು ಒಡವೆಯ ಹಾಗೆ, ಫೋಟೋ ಮುಗಿದ ಮೇಲೆ ಅದನ್ನೇ ಜೋಪಾನ ಮಾಡುತ್ತಾ ತಿರುಗಬೇಕು.

ಕಡಿಮೆ ಮಾಡಬಾರದ ವಸ್ತುಗಳೂ ಇವೆ, ಹಗುರದ ಹುಚ್ಚಿಗೆ ಬಿದ್ದವರು ಅವನ್ನೇ ಮೊದಲು ಬಿಡುತ್ತಾರೆ. ದಿನದ ಮಾತ್ರೆ, ಆಸ್ತಮಾ ಇದ್ದವರ ಇನ್‌ಹೇಲರ್, ಸ್ಯಾನಿಟರಿ ಪ್ಯಾಡ್, ಕೂಸಿನ ಸಾಮಾನು, ಒಣ ಒಳಉಡುಪು, ಕನ್ನಡಕದವರಿಗೆ ಹಿಂದೆ ಕಟ್ಟುವ ಪಟ್ಟಿ. ತಲೆಸುತ್ತಿಗೆ ಮಾತ್ರೆ ನುಂಗುವವರು ಅದು ನಿದ್ದೆ ತರಿಸುತ್ತದೆ ಎಂಬುದನ್ನೂ ನೆನಪಿಡಲಿ, ವಾಪಸು ಕಾರು ಓಡಿಸುವವರಂತೂ ಖಂಡಿತ. ಮನೆಯಲ್ಲೇ ಬಿಡಬೇಕಾದ್ದು ಚಿನ್ನ, ಎರಡನೇ ಪವರ್ ಬ್ಯಾಂಕು, ‘ಇರಲಿ ಬಿಡು’ ಎಂದು ಇಟ್ಟ ಪ್ರತಿಯೊಂದು ವಸ್ತು. ಸ್ವಂತ ವಾಹನದಲ್ಲಿ ಬಂದವರು ವಾಪಸು ಹೋಗುವ ಬಟ್ಟೆಯನ್ನು ಕಾರಿನಲ್ಲೇ ಬಿಡಬಹುದು. ಬಸ್ಸಿನಲ್ಲಿ ಬಂದವರಿಗೆ ಲಾಕರೇ ಕಾರಿನ ಡಿಕ್ಕಿ.

ನನ್ನ ತೀರ್ಪು ಇಷ್ಟು. ಮನೆಮಂದಿಗೆಲ್ಲ ಸೇರಿ ಒಂದು ದೊಡ್ಡ ಬ್ಯಾಗು ಎಂಬ ಪದ್ಧತಿ ಬಿಡಿ, ಅದು ಒಬ್ಬರನ್ನು ಕಟ್ಟಿಹಾಕಲೆಂದೇ ಹುಟ್ಟಿದ್ದು. ಎಂಟು ವರ್ಷ ದಾಟಿದ ಪ್ರತಿಯೊಬ್ಬರೂ ತಮ್ಮ ತಮ್ಮ ಬಟ್ಟೆಯನ್ನು ತಾವೇ ಹೊರಲಿ. ಒಣಗಿರಬೇಕಾದದ್ದೆಲ್ಲ ಹೋದ ತಕ್ಷಣ ಲಾಕರಿಗೆ ಹೋಗಲಿ. ಆಮೇಲೆ ಹೊರಗೆ ಉಳಿಯಬೇಕಾದದ್ದು ಒಂದು ಬಾಟಲಿ, ಒಂದು ತೆಳು ಟವೆಲ್, ಇಡೀ ಗುಂಪಿಗೆ ಒಂದು ಫೋನು ಮಾತ್ರ. ಇಷ್ಟನ್ನೂ ಯಾರಾದರೂ ಕಾಯಲೇಬೇಕಾದರೆ ಸರದಿ ಹಾಕಿಕೊಳ್ಳಿ, ಮೊದಲ ಸರದಿ ಅಪ್ಪನದಾಗಲಿ. ಲಾಕರಿಗೆ ದುಡ್ಡು ದಂಡ ಎನ್ನುವವರಿಗೆ ಒಂದು ಲೆಕ್ಕ: ದಿನವಿಡೀ ಒಬ್ಬರನ್ನು ಬ್ಯಾಗಿನ ಪಕ್ಕ ಕೂರಿಸಲು ನೀವು ಕೊಟ್ಟ ಪೂರ್ತಿ ಟಿಕೆಟ್ಟಿನ ಮುಂದೆ ಲಾಕರಿನ ಬಾಡಿಗೆ ಏನೇನೂ ಅಲ್ಲ.