ಜ್ವರಮರಣದ ಲೆಕ್ಕವೂ ನಿರಾಲಾ ಅವರ ‘ಕುಲ್ಲೀ ಭಾಟ್’ ಗ್ರಂಥವೂ

೧೯೧೮ರ ಇನ್‌ಫ್ಲುಯೆಂಜಾ ಜ್ವರವು ಬಡವ ಬಲ್ಲಿದರೆಂಬ ಭೇದವೆಣಿಸದೆ ಎಲ್ಲರನ್ನೂ ಕೊಂಡೊಯ್ದಿತೆಂದು ಹೇಳುವ ವಾಡಿಕೆಯುಂಟು. ಸೋಂಕಿನ ಮಟ್ಟಿಗೆ ಈ ಮಾತು ಸಲ್ಲಬಹುದು; ಮರಣದ ಮಟ್ಟಿಗೆ ಸಲ್ಲದು. ಆ ವರ್ಷದ ಮುಂಬಯಿ ನಗರದ ಆರೋಗ್ಯಾಧಿಕಾರಿಯ ಲೆಕ್ಕದಂತೆ ಈ ಜ್ವರದಿಂದ ಸತ್ತವರು ಯೂರೋಪಿಯನ್ನರಲ್ಲಿ ಸಾವಿರಕ್ಕೆ ೮.೩, ಪಾರಸಿಗಳಲ್ಲಿ ೯.೦, ಮುಸಲ್ಮಾನರಲ್ಲಿ ೧೯.೨, ಇತರ ಹಿಂದುಗಳಲ್ಲಿ ೧೮.೯, ‘ಕೆಳಜಾತಿಯ ಹಿಂದುಗಳು’ ಎಂದು ಪ್ರತ್ಯೇಕಿಸಿದವರಲ್ಲಿ ೬೧.೬.

ಈ ಶಿರೋನಾಮೆಯನ್ನು ಓದುವಾಗ ಎಚ್ಚರ ಬೇಕು. ಅದು ಜಾತಿಯನ್ನು ಹೇಳುವುದೇ ಹೊರತು ಒಂದೇ ಕೋಣೆಯಲ್ಲಿ ಒತ್ತಾಗಿ ಮಲಗುವ ಚಾಳನ್ನಾಗಲಿ, ಮಳೆ ತಪ್ಪಿ ಏರಿದ್ದ ಧಾನ್ಯದ ಬೆಲೆಯನ್ನಾಗಲಿ ಹೇಳುವುದಿಲ್ಲ. ಓದಿದವನಿಗೆ ದೋಷವು ದೇಹದಲ್ಲಿಯೇ ಇದ್ದಿತೆಂದು ತೋರಿದರೆ ಆಶ್ಚರ್ಯವಿಲ್ಲ. ಆ ಭ್ರಮೆಯನ್ನು ಕಳೆಯಲು ಹೆಂಗಸರ ಮರಣವೊಂದೇ ಸಾಕು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ಜ್ವರಕ್ಕೆ ಗಂಡಸರು ಹೆಚ್ಚಾಗಿ ತುತ್ತಾದರು. ಹಿಂದೂಸ್ಥಾನದಲ್ಲಿ ಹೆಂಗಸರು, ಅದರಲ್ಲಿಯೂ ೨೦ರಿಂದ ೪೦ರ ಪ್ರಾಯದವರು. ಶರೀರಧರ್ಮವೇ ಕಾರಣವಾಗಿದ್ದರೆ ಕಡಲು ದಾಟಿದೊಡನೆ ಅದು ತಲೆಕೆಳಗಾಗುವುದುಂಟೆ? ಮನೆಮಂದಿಯ ಆರೈಕೆ ಮಾಡುವವಳು ತಾನೇ ಹಾಸಿಗೆ ಹಿಡಿದಾಗ ಗಂಜಿ ಕಾಯಿಸಿ ಕೊಡುವವರು ಯಾರು ಎಂಬುದನ್ನು ಇಲ್ಲಿ ಕೇಳಬೇಕಾಗುತ್ತದೆ.

ಲೆಕ್ಕವು ಬಿಟ್ಟುದನ್ನು ಸಾಹಿತ್ಯವು ತುಂಬಿತೇ? ಹಿಂದಿಯ ಮಹಾಕವಿ ಸೂರ್ಯಕಾಂತ ತ್ರಿಪಾಠಿ ನಿರಾಲಾ ಅವರ ‘ಕುಲ್ಲೀ ಭಾಟ್’ (೧೯೩೯) ಈ ಪ್ರಶ್ನೆಗೆ ಒರೆಗಲ್ಲಿನಂತಿದೆ. ಪತ್ನಿಯ ಕಾಯಿಲೆಯ ತಂತಿ ಬಂದು, ಕವಿಯು ಬಂಗಾಳದಿಂದ ದಲಮವೂ ಗ್ರಾಮಕ್ಕೆ ಬರುವಷ್ಟರಲ್ಲಿ ಮನೋಹರಾದೇವಿ ತೀರಿಹೋಗಿದ್ದಳು. ಗಂಗೆಯಲ್ಲಿ ಹೆಣಗಳು ತುಂಬಿದ್ದುದನ್ನು ಅವರು ಅಳುಕದೆ, ಅಲಂಕಾರವಿಲ್ಲದೆ ಬರೆದಿದ್ದಾರೆ; ಆ ಜ್ವರವನ್ನು ಕುರಿತ ಬರಹಗಳಲ್ಲಿ ಇದಕ್ಕೆ ಸಮನಾದುದು ವಿರಳವೆಂದು ನಾವು ಎಣಿಸುತ್ತೇವೆ. ಆದರೆ ಅಲ್ಲಿ ನಮಗೆ ದೊರೆಯುವುದು ಉಳಿದವನ ದುಃಖ. ಆಕೆಯ ಕಡೆಯ ದಿನಗಳು ಕಾಣುವುದಿಲ್ಲ. ತಡವಾಗಿ ಬಂದವನಿಗೆ ಅವು ಕಾಣುವಂತೆಯೂ ಇರಲಿಲ್ಲ.

ಅದೇ ಗ್ರಂಥದಲ್ಲಿ ಮುಂದೆ, ಕುಲ್ಲೀ ನಡೆಸುವ ಶಾಲೆಯ ಅಸ್ಪೃಶ್ಯ ಬಾಲಕರು ಕವಿಗೆ ಹೂ ತರುವ ಪ್ರಸಂಗವಿದೆ. ಮೈ ತಗಲೀತೆಂಬ ಅಂಜಿಕೆಯಿಂದ ಅವರು ಹೂವನ್ನು ದೂರದಲ್ಲಿಯೇ ಇಟ್ಟುಬಿಡುತ್ತಾರೆ. ಸ್ಪರ್ಶಕ್ಕೂ ರೋಗಸಂಚಾರಕ್ಕೂ ಕನ್ನಡದಲ್ಲಿ ‘ಸೋಂಕು’ ಎಂಬ ಒಂದೇ ಮಾತಿರುವುದರಿಂದ ನಮಗೆ ಈ ಎರಡು ಪ್ರಸಂಗಗಳು ಒಡನೆಯೇ ಹತ್ತಿರ ಬರುತ್ತವೆ. ನಿರಾಲಾ ಅವುಗಳನ್ನು ಜೋಡಿಸಲಿಲ್ಲ. ಆ ಮಕ್ಕಳ ಕೇರಿಯಲ್ಲಿ ೧೯೧೮ರಲ್ಲಿ ಎಷ್ಟು ಮನೆಗಳು ಬರಿದಾದುವೆಂಬುದನ್ನು ಅವರು ಕೇಳಲೂ ಇಲ್ಲ.