ಕೋವಿಯ ತೂಕ, ತೋಟಾದ ತೂಕ

ಶಿಕಾರಿಪುರ, ಸೊರಬದ ಸೀಮೆಯಲ್ಲಿ ಮೆಕ್ಕೆಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಗಳು ಹೊಲಕ್ಕೆ ಇಳಿಯುತ್ತವೆ. ವರ್ಷದ ಉಳಿದ ದಿನ ಮೂಲೆ ಸೇರಿದ್ದ ಕೋವಿ ಆಗ ಹೊರಗೆ ಬರುತ್ತದೆ. ಅದನ್ನು ಹೆಗಲಿಗೇರಿಸುವ ಯಜಮಾನನಿಗೆ ಅರವತ್ತು ದಾಟಿದ್ದರೆ ಒಂದು ಮಾತೂ ಜತೆಗೇ ಬರುತ್ತದೆ: "ಇದು ಬಾಳ ಭಾರ ಆತು ಮಾರಾಯ. ಇದನ್ನ ಕೊಟ್ಟು ಹಗುರದ್ದೊಂದು ತಗಂಡ್ರೆ ಹ್ಯಾಂಗೆ?" ಜೋಡುನಳಿಗೆಯ ತೋಟಾಕೋವಿ ಇದ್ದವರು ಒಂಟಿನಳಿಗೆಯ ಮೇಲೆ ಕಣ್ಣಿಡುತ್ತಾರೆ. ಒಂಟಿನಳಿಗೆಯವರು ಏರ್‌ಗನ್ ಸಾಕೇನೋ ಎನ್ನುತ್ತಾರೆ. ಪಟ್ಟಣದಲ್ಲಿದ್ದು ರಜೆಗೆ ಬಂದ ಮಗ ಸಣ್ಣ ರೈಫಲ್ಲೇ ಸರಿ ಎಂದು ವಾದಿಸುತ್ತಾನೆ. ಈ ವಿನಿಮಯ ನಮ್ಮಲ್ಲಿ ಈಗ ಒಂದು ರೂಢಿಯೇ ಆಗುತ್ತಿದೆ. ಬಹುಪಾಲು ಸಂದರ್ಭಗಳಲ್ಲಿ ಇದು ತಪ್ಪು ನಿರ್ಧಾರ ಎಂಬುದು ನನ್ನ ಅಭಿಪ್ರಾಯ. ಭಾರ ಕಷ್ಟವಲ್ಲ ಎಂದು ನಾನು ಹೇಳುತ್ತಿಲ್ಲ. ಕೊಳ್ಳುವವರು ಕೋವಿಯನ್ನು ಮಾತ್ರ ಕೈಯಲ್ಲಿ ಹಿಡಿದು ತೂಗುತ್ತಾರೆ, ಅದರೊಳಗೆ ಹಾಕುವ ತೋಟಾವನ್ನು ತೂಗುವುದಿಲ್ಲ ಎಂಬುದೇ ನನ್ನ ತಕರಾರು.

ಹನ್ನೆರಡು ಬೋರಿನ ಸಾಧಾರಣ ಜೋಡುನಳಿಗೆ ಸುಮಾರು 3.3 ಕಿಲೋ ತೂಗುತ್ತದೆ. ಹಗುರವಾದ ಒಂಟಿನಳಿಗೆ 2.6 ಕಿಲೋ ಆಸುಪಾಸು. ವ್ಯತ್ಯಾಸ ಏಳುನೂರು ಗ್ರಾಂ. ಅಂಗಡಿಯ ಕಟ್ಟೆಯ ಮೇಲೆ ಎತ್ತಿ ನೋಡಿದಾಗ ಇದು ದೊಡ್ಡ ನೆಮ್ಮದಿಯಾಗಿಯೇ ಕಾಣುತ್ತದೆ. ಆದರೆ ಈಡು ಹೊಡೆದ ಗಳಿಗೆಯಲ್ಲಿ ಲೆಕ್ಕ ತಿರುಗಿಬೀಳುತ್ತದೆ. ಚರೆ ಮುಂದಕ್ಕೆ ಎಷ್ಟು ರಭಸದಲ್ಲಿ ಹೋಗುತ್ತದೋ ಅಷ್ಟೇ ತಳ್ಳು ಕೋವಿಯ ಮೇಲೆ ಹಿಂದಕ್ಕೆ ಬೀಳುತ್ತದೆ. ಆ ತಳ್ಳನ್ನು ತಾನೇ ನುಂಗಿ ಭುಜಕ್ಕೆ ನಿಧಾನವಾಗಿ ಮುಟ್ಟಿಸುವುದು ಕೋವಿಯ ತೂಕ. ಅದೇ ತೋಟಾವನ್ನು ಎರಡರಲ್ಲೂ ಹಾರಿಸಿದರೆ, ಏಳುನೂರು ಗ್ರಾಂ ಕಡಿಮೆಯಿರುವ ಕೋವಿಯ ಒದೆತದ ಶಕ್ತಿ ಕಾಲು ಪಾಲಿಗಿಂತ ಕೊಂಚ ಹೆಚ್ಚೇ ಏರುತ್ತದೆ. ಹೆಗಲಿನ ನೋವಿಗೆಂದು ಹಗುರ ಕೋವಿ ತಂದವರು ಮೊದಲ ಈಡಿಗೇ ಹೆಗಲು ಹಿಡಿದು ಕೂರುವುದು ಈ ಕಾರಣಕ್ಕೆ. ಹೊರುವ ನೋವನ್ನು ಕೊಟ್ಟು ಹೊಡೆಯುವ ನೋವನ್ನು ಕೊಂಡಂತಾಗುತ್ತದೆ.

ಹಳೆಯ ಇಂಗ್ಲಿಷ್ ಕೋವಿಗಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬರ್ಮಿಂಗ್‌ಹ್ಯಾಮಿನ ಡಬ್ಲ್ಯು. ಡಬ್ಲ್ಯು. ಗ್ರೀನರ್ ಹೆಸರಿನ ಜತೆ ಒಂದು ಸೂತ್ರ ಇವತ್ತಿಗೂ ಚಾಲ್ತಿಯಲ್ಲಿದೆ: ತೋಟಾದಲ್ಲಿರುವ ಚರೆಯ 96 ಪಟ್ಟು ತೂಕ ಕೋವಿಗೆ ಇರಬೇಕು. 32 ಗ್ರಾಂ ಚರೆಗೆ ಲೆಕ್ಕ ಹಾಕಿದರೆ 3 ಕಿಲೋ ದಾಟುತ್ತದೆ. 2.6 ಕಿಲೋ ಕೋವಿಗೆ ಒಪ್ಪುವುದು 27 ಗ್ರಾಂ ಚರೆ ಮಾತ್ರ. ನಮ್ಮವರು ಹಗುರ ಕೋವಿ ತರುತ್ತಾರೆ, ತೋಟಾ ಮಾತ್ರ ಹಳೆಯದೇ. ಹಂದಿಗೆಂದರೆ ದಪ್ಪ ಚರೆಯ ಎಲ್‌ಜಿಯೇ ಬೇಕು, ಎಸ್‌ಜಿಯೇ ಬೇಕು ಎಂಬ ಹಟ ಬೇರೆ. ಸಣ್ಣ ಊರಿನ ಅಂಗಡಿಗಳಲ್ಲಿ ತೋಟಾದ ಆಯ್ಕೆಯೂ ಕಡಿಮೆ, ಸಿಕ್ಕಿದ್ದನ್ನು ತರಬೇಕು. ಹಾಗಿರುವಾಗ ಕೋವಿಯನ್ನಷ್ಟೇ ಹಗುರ ಮಾಡುವುದು ಅರ್ಧ ಕೆಲಸ, ಅದೂ ತಪ್ಪು ಅರ್ಧ.

ಭಾರದ ಇನ್ನೊಂದು ಗುಣವನ್ನೂ ಹೇಳಬೇಕು. ಉಸಿರು ಏರಿಳಿಯುವಾಗ, ಕೈ ನಡುಗುವಾಗ ಭಾರದ ನಳಿಗೆ ಬೇಗ ಅಲುಗುವುದಿಲ್ಲ. ವಯಸ್ಸಾದವರ ಕೈಗೆ ಇದು ಉಪಕಾರ. ಒದೆತಕ್ಕೆ ಹೆದರಿದ ಮನುಷ್ಯ ಬಿಲ್ಲನ್ನು ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತಾನೆ, ಹೆಗಲು ಕುಗ್ಗಿಸುತ್ತಾನೆ, ಗುರಿ ಎತ್ತಲೋ ಹೋಗುತ್ತದೆ. ರಾತ್ರಿ ಹೊತ್ತು, ಪಕ್ಕದ ಹೊಲದಲ್ಲಿ ಇನ್ನೊಬ್ಬರು ಬೆಳೆ ಕಾಯುತ್ತಿರುವ ಕಡೆ, ಗುರಿ ಎತ್ತಲೋ ಹೋಗುವುದೆಂದರೆ ಏನೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಹಗುರ ಕೋವಿಗೆ ಬೆಲೆಯೇ ಇಲ್ಲವೇ? ಇದೆ, ಅದು ಕೆಲಸದ ಮೇಲೆ ನಿಂತಿದೆ. ಬೇಟೆಯ ಬರಹಗಳನ್ನು ಓದಿದವರಿಗೆ ಎರಡು ರೈಫಲ್ಲುಗಳು ನೆನಪಿಗೆ ಬರುತ್ತವೆ. ಕೆನೆತ್ ಆಂಡರ್ಸನ್ ಜೀವನವಿಡೀ ನಂಬಿದ್ದು .405 ವಿಂಚೆಸ್ಟರನ್ನು. ಅವರ ಬರಹದಲ್ಲಿ ಬರುವ ಚೋರಡಿ, ತ್ಯಾಗರ್ತಿ ಶಿಕಾರಿಪುರಕ್ಕೆ ನೆರೆಯ ಊರುಗಳೇ. ತೇಜಸ್ವಿಯವರ 'ಕಾಡಿನ ಕತೆಗಳು' ಮೂಲಕ ಆಂಡರ್ಸನ್ ಕನ್ನಡದ ಮನೆಮನೆಗೂ ಬಂದರು. ಆ ರೈಫಲ್ಲಿನ ತೂಕ ಮೂರುಮುಕ್ಕಾಲು ಕಿಲೋ ಆಸುಪಾಸು, ಗುಂಡು 19 ಗ್ರಾಮಿಗೂ ಹೆಚ್ಚು. ಅಷ್ಟು ತೂಕವಿದ್ದೂ ಜೋರಾಗಿ ಒದೆಯುತ್ತದೆಂದೇ ಅದಕ್ಕೆ ಹೆಸರು. ಇನ್ನೊಂದು ಜಿಮ್ ಕಾರ್ಬೆಟ್ಟರದು. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಅವರಿಗೆ ಉಡುಗೊರೆಯಾಗಿ ಬಂದ .275 ರಿಗ್ಬಿ. ಕಾರ್ಬೆಟ್ಟರ ಬಳಿ ಭಾರದ ಜೋಡುನಳಿಗೆಯ ರೈಫಲ್ಲೂ ಇತ್ತು. ಗುಡ್ಡ ಹತ್ತಿಳಿದು ದಿನಗಟ್ಟಲೆ ನಡೆಯುವ ಕೆಲಸಕ್ಕೆ ಈ ಹಗುರದ್ದು ಒದಗಿತು. ಅದರ ಗುಂಡೂ ಹಗುರ, 9 ಗ್ರಾಂ ಸುತ್ತಮುತ್ತ. ಇಬ್ಬರ ಆಯ್ಕೆಯೂ ನನಗೆ ಸರಿಯೆನಿಸುವುದು ಆಯುಧಕ್ಕೂ ಗುಂಡಿಗೂ ಹೊಂದಿಕೆ ಇದ್ದುದರಿಂದ. ಹಗುರ ಆಯುಧದಲ್ಲಿ ಭಾರದ ಗುಂಡು ಇಟ್ಟು ಕಾಡಿಗೆ ಹೋದವರು ಅವರಿಬ್ಬರಲ್ಲಿ ಯಾರೂ ಅಲ್ಲ.

ಈಗ ನಮ್ಮ ಕೆಲಸವನ್ನು ನೋಡೋಣ. ಶಿಕಾರಿಪುರ ಎಂಬ ಹೆಸರು ಹೈದರ್ ಇಲ್ಲವೇ ಟಿಪ್ಪುವಿನ ಕಾಲದಲ್ಲಿ ಇಲ್ಲಿನ ಬೇಟೆಯ ಸಮೃದ್ಧಿಯಿಂದ ಬಂತೆಂದು ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಆ ಶಿಕಾರಿಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿಯಿತು. ಇವತ್ತು ಉಳಿದಿರುವುದು ಕಾವಲು. ಮೆಕ್ಕೆಜೋಳದ ಹೊಲದಲ್ಲಿ ಮಾಳ ಕಟ್ಟಿ ರಾತ್ರಿ ಕೂರುವವನು ಮನೆಯಿಂದ ಮಾಳಕ್ಕೆ ಒಮ್ಮೆ ಕೋವಿ ಹೊರುತ್ತಾನೆ, ಬೆಳಗ್ಗೆ ವಾಪಸು ತರುತ್ತಾನೆ. ಉಳಿದ ಹೊತ್ತು ಕೋವಿ ಮಾಳದ ಅಡ್ಡಮರಕ್ಕೆ ಒರಗಿರುತ್ತದೆ. ಅವನಿಗೆ ಭಾರ ಒಂದು ತೊಂದರೆಯೇ ಅಲ್ಲ. ಮೇಲಾಗಿ ಜೋಡುನಳಿಗೆ ಬಿಟ್ಟರೆ ಎರಡನೇ ಈಡೂ ಹೋಯಿತು. ಮೊದಲನೆಯದನ್ನು ಆಕಾಶಕ್ಕೆ ಹೊಡೆದು ಹಿಂಡನ್ನು ಚದುರಿಸಿದ ಮೇಲೆ, ತಿರುಗಿಬಿದ್ದ ಹಂದಿಯೊಂದರ ಎದುರು ಖಾಲಿ ಕೋವಿ ಹಿಡಿದು ನಿಲ್ಲಬೇಕಾಗುತ್ತದೆ. ಸೊರಬದ ಅಡಿಕೆ ತೋಟ, ಅನಾನಸು, ಶುಂಠಿ ಬೆಳೆಗಾರರ ಮಾತು ಬೇರೆ. ಹಗಲೆಲ್ಲ ಮಂಗನ ಹಿಂದೆ ತೋಟದ ಈ ತುದಿಯಿಂದ ಆ ತುದಿಗೆ, ಕಾಲುವೆ ದಾಟಿ, ಸಂಕ ದಾಟಿ ಓಡಾಡುವವರು ಅವರು. ಹೊಡೆಯುವುದಕ್ಕಿಂತ ಹೊರುವುದೇ ಅವರ ಕೆಲಸ. ಅವರು ಹಗುರ ಒಂಟಿನಳಿಗೆ ಬಯಸಿದರೆ ನಾನು ಬೇಡ ಎನ್ನಲಾರೆ. 27 ಗ್ರಾಂ ಚರೆ ಮೀರದ ತೋಟಾ ಬಳಸಲಿ, ಅಷ್ಟೇ.

ಎರಡೂ ಕಡೆ ಕೋವಿಯ ನಿಜವಾದ ಉಪಯೋಗ ಸದ್ದು ಎಂಬುದನ್ನು ನಮ್ಮವರು ಬಾಯಿಬಿಟ್ಟು ಒಪ್ಪುವುದಿಲ್ಲ. ಕಾಡುಹಂದಿ ಈಗ ವನ್ಯಜೀವಿ ಕಾಯ್ದೆಯ ಎರಡನೇ ಪರಿಚ್ಛೇದದಲ್ಲಿದೆ. ಬೆಳೆ ಹಾಳು ಮಾಡಿದರೂ ಅದನ್ನು ಕೊಲ್ಲಲು 11ನೇ ಸೆಕ್ಷನ್ನಿನಡಿ ಅಧಿಕಾರಿಯ ಲಿಖಿತ ಆದೇಶ ಬೇಕು. ಕೋವಿಯ ಲೈಸೆನ್ಸು ಇದ್ದ ಮಾತ್ರಕ್ಕೆ ಹೊಡೆಯುವ ಹಕ್ಕು ಬರುವುದಿಲ್ಲ. ಈ ದೃಷ್ಟಿಯಿಂದ ನೋಡಿದರೆ ಏರ್‌ಗನ್ನಿನ ಮೋಹ ಎಲ್ಲಕ್ಕಿಂತ ಕೆಟ್ಟದ್ದು. ಇಪ್ಪತ್ತು ಜೂಲ್ ಮೀರದ .177 ಏರ್‌ಗನ್ನಿಗೆ ಲೈಸೆನ್ಸು ಬೇಡ, ತೂಕವೂ ಇಲ್ಲ, ಹುಡುಗರೂ ಹಿಡಿಯಬಹುದು ಎಂದು ತರುತ್ತಾರೆ. ಅದರಿಂದ ಸದ್ದಿಲ್ಲ, ಹಾಗಾಗಿ ಹಿಂಡು ಹೆದರುವುದಿಲ್ಲ. ಮಂಗದ ಚರ್ಮದಡಿ ಸೇರಿದ ಸೀಸದ ಕಾಳು ಕೀವಾಗಿ ಆ ಪ್ರಾಣಿ ವಾರಗಟ್ಟಲೆ ನರಳುತ್ತದೆ. ಬೆಳೆ ಉಳಿಯದ, ಹಿಂಸೆ ಮಾತ್ರ ಉಳಿಯುವ ಈ ವಿನಿಮಯವನ್ನು ಯಾವ ಕಾರಣಕ್ಕೂ ಸಮರ್ಥಿಸಲು ಬರುವುದಿಲ್ಲ.

ರೈಫಲ್ಲಿನ ವಿಷಯವೂ ಇದೆ. .22 ರೈಫಲ್ಲು ಕೈಗೆ ಹಗುರ, ಒದೆಯುವುದೇ ಇಲ್ಲ ಎನ್ನಬಹುದು, ಎನ್‌ಸಿಸಿಯಲ್ಲಿ ಹಿಡಿದ ಮಕ್ಕಳಿಗೆ ಅದು ಪರಿಚಿತ ಕೂಡ. ಆದರೆ ಸಣ್ಣ ಚರೆ ಇನ್ನೂರು ಮುನ್ನೂರು ಮೀಟರಿನೊಳಗೆ ಶಕ್ತಿ ಕಳೆದುಕೊಂಡು ಬೀಳುತ್ತದೆ; .22 ಗುಂಡು ಒಂದು ಕಿಲೋಮೀಟರು ದಾಟಿಯೂ ಹೋಗಬಲ್ಲದು. ಶಿಕಾರಿಪುರದ ಬಯಲು ಹೊಲಗಳಲ್ಲಿ, ಗುಡ್ಡದ ಆಸರೆ ಇಲ್ಲದ ಕಡೆ, ತಪ್ಪಿದ ಗುಂಡು ಎಲ್ಲಿ ನಿಲ್ಲುತ್ತದೆಂದು ಹೇಳಬಲ್ಲವರಿಲ್ಲ. ಹಗುರ ಗುಂಡಿನ ಬಗ್ಗೆ ಸೇನೆಯ ಅನುಭವವನ್ನೂ ನೆನೆಯಬೇಕು. ಭಾರದ 7.62 ಎಸ್‌ಎಲ್‌ಆರ್ ಬಿಟ್ಟು ಸೇನೆ 1990ರ ದಶಕದಲ್ಲಿ 5.56 ಇನ್ಸಾಸ್ ತಂದಿತು. ರೈಫಲ್ಲಿನ ತೂಕಕ್ಕಿಂತ ಹೆಚ್ಚು ಇಳಿದದ್ದು ತೋಟಾದ ತೂಕ, ಸುಮಾರು ಅರ್ಧಕ್ಕೆ. ಎರಡು ದಶಕ ಕಳೆದ ಮೇಲೆ, 2019ರಲ್ಲಿ, ಅದೇ ಸೇನೆ 72,400 ಸಿಗ್ 716 ರೈಫಲ್ಲುಗಳಿಗೆ ಬೇಡಿಕೆಯಿಟ್ಟು 7.62ಕ್ಕೆ ಮರಳಿತು. ಅಷ್ಟು ಪರಿಣತರಿರುವ ಕಡೆಯೇ ಈ ಲೆಕ್ಕ ಒಮ್ಮೆಗೆ ಇತ್ಯರ್ಥವಾಗಲಿಲ್ಲ.

ಇನ್ನು ಕಾಗದಪತ್ರದ ಹಾದಿ. ಕೋವಿ ಬದಲಿಸುವುದು ಎತ್ತು ಬದಲಿಸಿದಂತಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಖಾಸಗಿಯವರು ತಮ್ಮ ಕೋವಿಯನ್ನು ಇನ್ನೊಬ್ಬರಿಗೆ ಮಾರುವ ಮುನ್ನ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಾಯಬೇಕು. ಹೊಸದು ಲೈಸೆನ್ಸಿಗೆ ಏರಬೇಕು. ನಡುವೆ ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಹೋಗಿ ಕೂರುತ್ತದೆ, ಹೊಲ ಹಂದಿಯ ಪಾಲಾಗುತ್ತದೆ. ಹಳೆಯದನ್ನು ಕೊಟ್ಟು ಹೊಸದು ಸಿಗುವ ಮೊದಲು ತೆನೆ ಕಟ್ಟುವ ಕಾಲ ಬಂದರೆ ಆ ವರ್ಷದ ಕಾವಲು ಬರಿಗೈ. ಬದಲಿಸಲೇಬೇಕು ಎನ್ನುವವರು ಕೊಯ್ಲು ಮುಗಿಸಿ ಅರ್ಜಿ ಹಾಕುವುದು ಲೇಸು.

ನನಗೆ ಹೆಚ್ಚು ಮುಖ್ಯವಾಗಿ ಕಾಣುವ ದಾರಿ ಬೇರೊಂದಿದೆ, ಅದನ್ನು ಕೇಳಿದವರು ನಮ್ಮ ಕಡೆ ಕಡಿಮೆ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಂತೆ, ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ 25 ವರ್ಷ ಅವರ ಬಳಿಯೇ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸು ಕೇಳಬಹುದು. ಹೆಗಲು ನೋಯುವ ಅಪ್ಪನಿಗೆ ಹಗುರ ಕೋವಿ ಹುಡುಕುವ ಬದಲು ಮನೆಯಲ್ಲಿರುವ ಮಗನಿಗೋ ಮಗಳಿಗೋ ಅದನ್ನು ವಹಿಸಬಹುದಲ್ಲ. ಮಗಳಿಗೆ ಎಂದರೆ ಹುಬ್ಬೇರಿಸುವವರಿದ್ದಾರೆ. ಗಂಡು ಮಕ್ಕಳು ಬೆಂಗಳೂರು ಸೇರಿರುವ ಎಷ್ಟೋ ಮನೆಗಳಲ್ಲಿ ತೋಟ ಕಾಯುತ್ತಿರುವುದು ಹೆಣ್ಣುಮಕ್ಕಳೇ. ತಾತ ಕೊಂಡ ಭಾರದ ಜೋಡುನಳಿಗೆ, ಮೂವತ್ತು ವರ್ಷದ ಹೆಗಲಿಗೆ ಭಾರವಲ್ಲ.

ಒಂದು ವಿನಿಮಯವನ್ನು ಮಾತ್ರ ನಾನು ಮನಸಾರೆ ಬೆಂಬಲಿಸುತ್ತೇನೆ, ಅದಕ್ಕೂ ತೂಕಕ್ಕೂ ಸಂಬಂಧವಿಲ್ಲ. ಕೇಪಿನ ಕೋವಿಯಿಂದ ತೋಟಾಕೋವಿಗೆ ಹೋಗುವುದು. ನಳಿಗೆಯ ಬಾಯಿಂದ ಮದ್ದು, ಚರೆ ಹಾಕಿ ಗಜದಿಂದ ಜಡಿದು ತುಂಬಿದ ಕೋವಿಯನ್ನು ಖಾಲಿ ಮಾಡಲು ಸುಲಭದ ದಾರಿಯೆಂದರೆ ಈಡು ಹೊಡೆಯುವುದೊಂದೇ. ಹಂದಿ ಬಾರದ ರಾತ್ರಿ ಕಳೆದು ಬೆಳಗ್ಗೆ ಅದು ತುಂಬಿದ್ದಂತೆಯೇ ಮನೆಗೆ ಬರುತ್ತದೆ, ಮಕ್ಕಳು ಓಡಾಡುವ ಮನೆಗೆ. ಮದ್ದು ಅಂದಾಜಿನಲ್ಲಿ ಹೆಚ್ಚಾದರೆ, ತುಕ್ಕು ತಿಂದು ತೆಳುವಾದ ನಳಿಗೆ ಸಿಡಿಯುವ ಅಪಾಯ ಬೇರೆ. ತೋಟಾಕೋವಿಯನ್ನು ಮುರಿದು ತೋಟಾ ತೆಗೆದು ಜೇಬಿಗೆ ಹಾಕಿದರೆ ಅಪಾಯ ಮುಗಿಯಿತು. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನು ಬೆಳೆ ರಕ್ಷಣೆಗೆ ಮೊದಲು ಹೇಳುವುದೇ ಬಾಯಿಂದ ತುಂಬುವ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಕೋವಿಗೆ ಅನುಮತಿ ಕೊಡಬಹುದೆಂಬ ವಿನಾಯಿತಿ ಅದೇ ಸೆಕ್ಷನ್ನಿನಲ್ಲಿದೆ. ಬಾಯಿಂದ ತುಂಬುವ ಕೋವಿ ಸಾಕೆಂಬ, ಅರವತ್ತು ವರ್ಷಕ್ಕೂ ಹಿಂದಿನ ಆ ಅಂದಾಜು ಇವತ್ತಿನ ರೈತನ ಸುರಕ್ಷತೆಗೆ ಸಾಲದು.

ಆದ್ದರಿಂದ ಕೇಳಿಕೆ ಎರಡು ಕಡೆಗೆ. ರೈತ ಬಂಧುಗಳು ಜೋಡುನಳಿಗೆಯನ್ನು ಕೊಡುವ ಮುನ್ನ ಒಮ್ಮೆ ಹಗುರ ತೋಟಾ ಹಾಕಿ ನೋಡಲಿ, ಮನೆಯಲ್ಲಿ ಯಾರ ಹೆಸರಿಗೆ ಲೈಸೆನ್ಸು ವರ್ಗಾಯಿಸಬಹುದೆಂದು ವಿಚಾರಿಸಲಿ. ಶಿವಮೊಗ್ಗದ ಜಿಲ್ಲಾಡಳಿತ, ಕೇಪಿನ ಕೋವಿ ಬಿಟ್ಟು ತೋಟಾಕೋವಿ ಕೇಳುವ ಬೆಳೆಗಾರರ ಅರ್ಜಿಗಳನ್ನು 13ನೇ ಸೆಕ್ಷನ್ನಿನ ವಿನಾಯಿತಿಯಡಿ ಪರಿಶೀಲಿಸಿ, ಮುಂದಿನ ಮುಂಗಾರು ಬಿತ್ತನೆಗೆ ಮೊದಲೇ ಇತ್ಯರ್ಥ ಮಾಡಲಿ.