ಪ್ರಾತ್ಯಕ್ಷಿಕೆಯಿಂದ ಚಲಚ್ಚಿತ್ರಕ್ಕೆ

ಜೂನ್ ತಿಂಗಳಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ, ರಾತ್ರಿ ಹತ್ತೂವರೆ ಗಂಟೆಯ ಹೊತ್ತಿಗೆ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ತರುಣರು ನಿದ್ರೆಯನ್ನು ದೂರವಿಟ್ಟು, ಕ್ಯಾಲಿಫೋರ್ನಿಯದ ಕ್ಯುಪರ್ಟಿನೋ ಪಟ್ಟಣದಿಂದ ಬಿತ್ತರಗೊಳ್ಳುವ ಸಮಾರಂಭವೊಂದನ್ನು ನೋಡಲು ಕುಳಿತಿರುತ್ತಾರೆ. ಆಪಲ್ ಸಂಸ್ಥೆಯು ತನ್ನ ಹೊಸ ಫೋನುಗಳನ್ನೂ ತಂತ್ರಾಂಶಗಳನ್ನೂ ಲೋಕಕ್ಕೆ ಪರಿಚಯಿಸುವ ಉತ್ಸವವಿದು. 2020ರ ಜೂನಿನಿಂದೀಚೆಗೆ ಅಲ್ಲಿ ನಡೆಯುತ್ತಿರುವುದಾದರೋ, ಮೊದಲೇ ಚಿತ್ರೀಕರಿಸಿ, ಕತ್ತರಿಸಿ, ಜೋಡಿಸಿ, ಸಂಗೀತ ತುಂಬಿ ಸಿದ್ಧಪಡಿಸಿದ ಚಲಚ್ಚಿತ್ರವೊಂದರ ಪ್ರದರ್ಶನ. ಕೋವಿಡ್ ಕಾಲದಲ್ಲಿ ಅನಿವಾರ್ಯವಾಗಿದ್ದ ಈ ಏರ್ಪಾಡು ಆ ಪಿಡುಗು ಇಳಿದ ಮೇಲೂ ಸ್ಥಿರವಾಗಿ ಉಳಿಯಿತು; 2022ರಿಂದ ಆಹ್ವಾನಿತರು ಸಾವಿರಾರು ಮೈಲಿ ಪ್ರಯಾಣಮಾಡಿ ಆಪಲ್ ಪಾರ್ಕನ್ನು ಸೇರಿ, ಅಲ್ಲಿ ಬಿಸಿಲಲ್ಲಿ ಕುಳಿತು ನೋಡುವುದೂ ನಾವು ಮನೆಯ ಮಂಚದ ಮೇಲೆ ಒರಗಿ ನೋಡುವ ಆ ಚಿತ್ರವನ್ನೇ.

ಚಿತ್ರವೆಂದು ನೋಡಿದರೆ ಅದರಲ್ಲಿ ಕೌಶಲಕ್ಕೆ ಕೊರತೆಯಿಲ್ಲ. ಛಾಯಾಗ್ರಹಣ ನಿರ್ಮಲವಾಗಿದೆ, ಮಾತು ಮಿತವಾಗಿದೆ, ಯಾರ ನಾಲಗೆಯೂ ತೊಡರುವುದಿಲ್ಲ, ಯಾವ ಯಂತ್ರವೂ ತಡವರಿಸುವುದಿಲ್ಲ. ನನ್ನ ಆಕ್ಷೇಪಣೆಯಿರುವುದು ಆ ನಿರ್ವಿಘ್ನತೆಯ ವಿಷಯದಲ್ಲಿಯೇ. ಯಂತ್ರವೊಂದನ್ನು ಮಾರುವವನು ಕೊಳ್ಳುವವರ ಕಣ್ಣೆದುರಿಗೆ ಅದನ್ನು ನಡೆಸಿ ತೋರಿಸುವುದೆಂದರೆ, ಅದು ನಡೆಯದೆ ಹೋಗುವ ಸಂಭವಕ್ಕೆ ತನ್ನನ್ನು ತಾನೇ ಒಡ್ಡಿಕೊಳ್ಳುವುದೆಂದರ್ಥ. ಆ ಸಂಭವವನ್ನು ತೆಗೆದುಹಾಕಿದೊಡನೆ ಪ್ರಾತ್ಯಕ್ಷಿಕೆಯ ಪ್ರಾಮಾಣ್ಯವೂ ಅದರ ಜೊತೆಯಲ್ಲೇ ತೊಲಗಿ ಬರಿಯ ಜಾಹೀರಾತು ಉಳಿಯುತ್ತದೆ. ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಅದರ ಹಲ್ಲು ನೋಡಿ, ಗಾಡಿಗೆ ಹೂಡಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆಯೇ ಹೊರತು ಎತ್ತಿನ ಪಟವನ್ನು ನೋಡಿ ಹಣ ಎಣಿಸುವುದಿಲ್ಲ.

ಈ ಕಲೆಯ ಆದಿಪರ್ವವನ್ನು ನೆನೆಯುವುದು ಇಲ್ಲಿ ಅಪ್ರಸ್ತುತವಾಗಲಾರದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನೆರೆದಿದ್ದ ಗಣಕತಜ್ಞರ ಸಮ್ಮೇಳನದಲ್ಲಿ, ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಡಗ್ಲಸ್ ಎಂಗೆಲ್‌ಬಾರ್ಟ್ ಅವರು ಒಂದೂವರೆ ಗಂಟೆಯ ಕಾಲ, ಸುಮಾರು ಸಾವಿರ ಮಂದಿ ಪ್ರೇಕ್ಷಕರ ಸಮಕ್ಷದಲ್ಲಿ, ಮೌಸ್ ಎಂಬ ಸಾಧನವನ್ನೂ, ಕೊಂಡಿ ಹಿಡಿದು ಒಂದು ಬರಹದಿಂದ ಮತ್ತೊಂದಕ್ಕೆ ದಾಟುವ ಉಪಾಯವನ್ನೂ, ದೂರದೂರದಲ್ಲಿರುವ ಇಬ್ಬರು ಒಂದೇ ಬರಹವನ್ನು ಕೂಡಿ ತಿದ್ದುವ ಕ್ರಮವನ್ನೂ ಮಾಡಿ ತೋರಿಸಿದರು. ಅವರು ನಡೆಸುತ್ತಿದ್ದ ಗಣಕಯಂತ್ರ ಆ ಸಭಾಂಗಣದಲ್ಲಿ ಇರಲೇ ಇಲ್ಲ. ಅದಿದ್ದುದು ಸುಮಾರು ಮೂವತ್ತು ಮೈಲಿ ದೂರದ ಮೆನ್ಲೋ ಪಾರ್ಕಿನ ಪ್ರಯೋಗಶಾಲೆಯಲ್ಲಿ. ನಡುವಣ ಸಂಪರ್ಕವೆಂದರೆ ಮೈಕ್ರೋವೇವ್ ಅಲೆಗಳು ಮತ್ತು ಬಾಡಿಗೆಗೆ ಪಡೆದ ದೂರವಾಣಿಯ ತಂತಿ. ಯಾವ ಕ್ಷಣದಲ್ಲಾದರೂ ಕಡಿದುಹೋಗಬಹುದಾಗಿದ್ದ ಅಂಥ ಸಂಪರ್ಕವನ್ನು ನೆಚ್ಚಿಕೊಂಡು, ಅಂಗಡಿಯಿಂದ ತರಬೇಕಾದ ಸಾಮಾನುಗಳ ಪಟ್ಟಿಯೊಂದನ್ನು ತೆರೆಯ ಮೇಲೆ ವಿಂಗಡಿಸುವಷ್ಟು ನಿರಾತಂಕವಾಗಿ ಅವರು ಕೆಲಸ ನಡೆಸಿದರು. ಅಂದು ಅಲ್ಲಿ ಮಾರಾಟಕ್ಕೆ ಏನೂ ಇರಲಿಲ್ಲ. ಆದರೂ ಅನಂತರದ ಅರ್ಧ ಶತಮಾನದಲ್ಲಿ ಗಣಕೋದ್ಯಮವು ಮಾರಿದ ಕಲ್ಪನೆಗಳಲ್ಲಿ ಎಷ್ಟೋ ಆ ತೊಂಬತ್ತು ನಿಮಿಷಗಳಲ್ಲಿ ಮುಖ ತೋರಿಸಿದ್ದವು.

ಆಮೇಲೆ ಬಂದವರೆಲ್ಲರೂ ಅಷ್ಟು ಋಜುಗಳಾಗಿದ್ದರೆಂದು ಹೇಳುವಂತಿಲ್ಲ. 1984ರ ಜನವರಿ 24ರಂದು ಆಪಲ್ಲಿನ ಸ್ಟೀವ್ ಜಾಬ್ಸ್ ಅವರು ಚೀಲದಿಂದ ಹೊರತೆಗೆದು ಸಭೆಯ ಮುಂದೆ ಮಾತಾಡಿಸಿದ ಮ್ಯಾಕಿಂಟೋಷ್ ಗಣಕ, ಅಂಗಡಿಗೆ ಬಂದ 128 ಕಿಲೋಬೈಟ್ ಮೆಮೊರಿಯ ಯಂತ್ರವಾಗಿರದೆ, ಅದಕ್ಕೆ ನಾಲ್ಮಡಿ ಮೆಮೊರಿಯುಳ್ಳ ಒಂದು ಮಾದರಿಯಾಗಿತ್ತೆಂಬುದನ್ನು ಅದನ್ನು ಕಟ್ಟಿದವರಲ್ಲೊಬ್ಬರಾದ ಆಂಡಿ ಹರ್ಟ್ಸ್‌ಫೆಲ್ಡ್ ತಾವೇ ಬರೆದಿದ್ದಾರೆ. 2007ರ ಜನವರಿ 9ರ ಐಫೋನ್ ಪ್ರಾತ್ಯಕ್ಷಿಕೆಯ ಕಥೆ ಇನ್ನೂ ಸ್ವಾರಸ್ಯವಾದುದು. ಅದರಲ್ಲಿ ದುಡಿದ ಆಂಡಿ ಗ್ರಿಗ್ನನ್ ಎಂಬ ಇಂಜಿನಿಯರು ಅನಂತರ ತಿಳಿಸಿದಂತೆ, ಆ ಫೋನಿನಲ್ಲಿ ಮೊದಲು ಇಮೇಲ್ ಕಳುಹಿಸಿ ಆಮೇಲೆ ಅಂತರಜಾಲವನ್ನು ತೆರೆದರೆ ಕೆಲಸ ಸಾಗುತ್ತಿತ್ತು, ಕ್ರಮವನ್ನು ತಿರುಗಿಸಿದರೆ ಕೈಕೊಡಬಹುದಾಗಿತ್ತು. ಒಂದು ಕೆಟ್ಟರೆ ಇನ್ನೊಂದಿರಲೆಂದು ವೇದಿಕೆಯ ಮೇಲೆ ಹಲವು ಫೋನುಗಳನ್ನು ಇಟ್ಟುಕೊಳ್ಳಲಾಗಿತ್ತು. ಸಿಗ್ನಲ್ ಎಷ್ಟೇ ಕ್ಷೀಣವಾಗಿರಲಿ, ತೆರೆಯ ಮೇಲೆ ಐದು ಗೆರೆಗಳೂ ತುಂಬಿ ಕಾಣುವಂತೆ ಮಾಡಲಾಗಿತ್ತು. ಇದು ಕಪಟವಲ್ಲವೆ ಎಂದು ಓದುಗರು ಕೇಳಬಹುದು. ಕಪಟದ ಅಂಶ ಉಂಟು. ಸಿಗ್ನಲ್ಲಿನ ವಿಷಯದಲ್ಲಂತೂ ನಾನು ಅದನ್ನು ಮನ್ನಿಸಲಾರೆ. ಆದರೆ ಇಷ್ಟೆಲ್ಲ ಉಪಾಯ ಬೇಕಾದುದಾದರೂ ಏಕೆ? ಆ ಅಪಕ್ವ ಯಂತ್ರ ಸಾವಿರಾರು ಜನರ ಮುಂದೆ, ಒಬ್ಬ ಮನುಷ್ಯನ ಬೆರಳಿನ ಕೆಳಗೆ, ನಿಜವಾಗಿಯೂ ನಡೆಯಬೇಕಾಗಿತ್ತು. ಸಭೆಯಲ್ಲಿ ಕುಳಿತಿದ್ದ ಅದರ ನಿರ್ಮಾಪಕರು ತಮ್ಮ ತಮ್ಮ ಪಾಲಿನ ಭಾಗ ಸುಸೂತ್ರವಾಗಿ ದಾಟಿದಂತೆಲ್ಲ ವಿಸ್ಕಿಯ ಒಂದೊಂದು ಗುಟುಕು ಏರಿಸುತ್ತಿದ್ದರಂತೆ. ಅವರ ಆ ಭಯವೇ ಪ್ರೇಕ್ಷಕನಿಗೆ ಸಿಕ್ಕ ಆಧಾರ. ಅದೇ ವರ್ಷ ಜೂನ್ 29ಕ್ಕೆ ಫೋನು ಮಾರುಕಟ್ಟೆಗೆ ಬಂತು. ತೋರಿಸಿದ ಕೆಲಸಗಳನ್ನು ಮಾಡಿತು.

ಸೋಲು ಬಂದಾಗಲೂ ಲೋಕವೇನೂ ಮುಳುಗಲಿಲ್ಲ. 1998ರ ಏಪ್ರಿಲಿನಲ್ಲಿ, ಷಿಕಾಗೋ ನಗರದಲ್ಲಿ, ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ ಅವರ ಪಕ್ಕದಲ್ಲಿಯೇ ಸ್ಕ್ಯಾನರೊಂದನ್ನು ಜೋಡಿಸಿದೊಡನೆ ವಿಂಡೋಸ್ 98 ನೀಲಿ ತೆರೆಯನ್ನು ತೋರಿಸಿ ಸ್ತಬ್ಧವಾಯಿತು; ಇದಕ್ಕಾಗಿಯೇ ಇರಬೇಕು ನಾವಿನ್ನೂ ಮಾರಾಟಕ್ಕೆ ಬಿಟ್ಟಿಲ್ಲವೆಂಬ ಅರ್ಥದಲ್ಲಿ ಅವರು ನಗೆಯಾಡಿದರು, ಸಭೆಯೂ ನಕ್ಕಿತು, ಎರಡು ತಿಂಗಳ ಮೇಲೆ ತಂತ್ರಾಂಶ ಅಂಗಡಿಗೆ ಬಂತು.

ಹೊಸ ಕ್ರಮದ ಕೇಡು ಸ್ಪಷ್ಟವಾಗಿ ಗೋಚರಿಸಿದ್ದು ಕೃತಕ ಬುದ್ಧಿಮತ್ತೆಯ ಯುಗದಲ್ಲಿ. 2023ರ ಡಿಸೆಂಬರಿನಲ್ಲಿ ಗೂಗಲ್ ತನ್ನ ಜೆಮಿನಿಯೆಂಬ ಕೃತಕ ಬುದ್ಧಿಮತ್ತೆಯ ಮಹಿಮೆಯನ್ನು ಸಾರಲು ಬಿಡುಗಡೆಮಾಡಿದ ಚಿತ್ರದಲ್ಲಿ, ಯಾರೋ ಗೆರೆಗೆರೆಯಾಗಿ ಬಾತುಕೋಳಿಯನ್ನು ಬರೆಯುತ್ತಿರಲು, ಯಂತ್ರವು ನೋಡುನೋಡುತ್ತಲೇ ಮನುಷ್ಯರಂತೆ ಹರಟುತ್ತದೆ. ಸ್ಥಿರಚಿತ್ರಗಳನ್ನೂ ಬರಹದ ಪ್ರಶ್ನೆಗಳನ್ನೂ ಕೊಟ್ಟು ಉತ್ತರಗಳನ್ನು ಪಡೆದು, ನಡುವಣ ವಿಳಂಬವನ್ನು ಕತ್ತರಿಸಿ, ಅದನ್ನು ಹೀಗೆ ಹೊಂದಿಸಿದುದೆಂದು ಸಂಸ್ಥೆಯೇ ಒಪ್ಪಿಕೊಂಡಿತು. ಆಪಲ್ಲಿನ ಪ್ರಸಂಗ ಇದಕ್ಕಿಂತಲೂ ಗುರುತರವಾದುದು. ತಾಯಿಯ ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆಂದು ಕೇಳಿದರೆ ಇಮೇಲುಗಳನ್ನು ತಾನೇ ಶೋಧಿಸಿ ಉತ್ತರ ಹೇಳುವಂತೆ, ಸಿರಿಯೆಂಬ ತನ್ನ ಧ್ವನಿಸಹಾಯಕದ ಹೊಸ ರೂಪವನ್ನು 2024ರ ಜೂನಿನ ಚಿತ್ರದಲ್ಲಿ ತೋರಿಸಿದರು. ಸೆಪ್ಟೆಂಬರಿನಲ್ಲಿ ಐಫೋನ್ 16 ಮಾರಾಟಕ್ಕೆ ಬಂದಾಗ ಅಂಥ ಗುಣಗಳನ್ನೇ ಮುಂದಿಟ್ಟು ಜಾಹೀರಾತು ಮಾಡಿದರು. 2025ರ ಮಾರ್ಚಿನಲ್ಲಿ, ಅದು ಸಿದ್ಧವಾಗಿಲ್ಲ, ಇನ್ನೂ ಕಾಲ ಹಿಡಿಯುತ್ತದೆ ಎಂದು ಪ್ರಕಟಿಸಿ ಜಾಹೀರಾತನ್ನು ಹಿಂತೆಗೆದುಕೊಂಡರು. ವೇದಿಕೆಯ ಮೇಲೆ ಫೋನು ಹಿಡಿದು ನಿಂತು ಇದೇ ಪ್ರಶ್ನೆಯನ್ನು ಕೇಳಬೇಕಾಗಿದ್ದಿದ್ದರೆ, ಆ ಗುಣವನ್ನು ಆ ವರ್ಷ ತೋರಿಸುವ ಧೈರ್ಯವನ್ನು ಅಲ್ಲಿ ಯಾರೂ ಮಾಡುತ್ತಿರಲಿಲ್ಲವೆಂದು ನಾನು ನಂಬುತ್ತೇನೆ. ಹಳೆಯ ಪದ್ಧತಿ ಮಾರುವವರ ಅತ್ಯಾಶೆಗೂ ಕಡಿವಾಣವಾಗಿತ್ತು.

ಹೀಗಿರುವಲ್ಲಿ, 2025ರ ಸೆಪ್ಟೆಂಬರಿನಲ್ಲಿ ಮೆಟಾ ಸಂಸ್ಥೆ ಮೆನ್ಲೋ ಪಾರ್ಕಿನಲ್ಲಿ ಕೃತಕ ಬುದ್ಧಿಮತ್ತೆಯುಳ್ಳ ತನ್ನ ಕನ್ನಡಕಗಳನ್ನು ಜನರ ಮುಂದೆಯೇ ಪ್ರದರ್ಶಿಸಿ ಅಪಹಾಸ್ಯಕ್ಕೆ ಗುರಿಯಾದುದನ್ನು ನಾನು ಗೌರವದಿಂದಲೇ ಕಾಣುತ್ತೇನೆ. ಸಾಸ್ ಮಾಡುವುದು ಹೇಗೆಂದು ಅದನ್ನು ತೊಟ್ಟ ಅಡುಗೆಯವರೊಬ್ಬರು ಕೇಳಿದರೆ, ಇನ್ನೂ ಬೆರಸದ ಸಾಮಗ್ರಿಯನ್ನು ಬೆರಸಿಯಾಗಿದೆಯೆಂದು ಕನ್ನಡಕ ಪಟ್ಟುಹಿಡಿಯಿತು. ಸಂಸ್ಥೆಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಅವರಿಗೆ ಬಂದ ವಾಟ್ಸಾಪ್ ಕರೆಯನ್ನು ಅವರು ಎಷ್ಟು ಪ್ರಯತ್ನಪಟ್ಟರೂ ಸ್ವೀಕರಿಸಲಾಗಲಿಲ್ಲ. ಅಪವಾದವನ್ನು ಒಡನೆಯೇ ವೈಫೈ ಮೇಲೆ ಹೊರಿಸಿದುದು ಶೋಭಿಸುವಂಥದಾಗಿರಲಿಲ್ಲ. ಆದರೆ ಅನಂತರ ಸಂಸ್ಥೆಯ ತಾಂತ್ರಿಕ ಮುಖ್ಯಸ್ಥರಾದ ಆಂಡ್ರ್ಯೂ ಬಾಸ್‌ವರ್ತ್ ಬಹಿರಂಗವಾಗಿ ಕಾರಣ ಹೇಳಿದರು: ಅಡುಗೆಯವರು ಕೂಗಿ ಕರೆದಾಗ ಕಟ್ಟಡದಲ್ಲಿದ್ದ ಅಂಥ ಕನ್ನಡಕಗಳೆಲ್ಲವೂ ಒಮ್ಮೆಲೇ ಓಗೊಟ್ಟು ಸರ್ವರನ್ನು ಮುಳುಗಿಸಿದವು, ಕರೆಯ ವೈಫಲ್ಯಕ್ಕೆ ತಂತ್ರಾಂಶದ ದೋಷವೊಂದು ಕಾರಣವಾಗಿತ್ತು. ಈ ಸರಕು ಎಲ್ಲಿಯವರೆಗೆ ಪಕ್ವವಾಗಿದೆಯೆಂಬುದನ್ನು ಗ್ರಾಹಕನಿಗೆ ಆ ಕೆಲವು ನಿಮಿಷಗಳು ತಿಳಿಸಿಕೊಟ್ಟಷ್ಟನ್ನು ಯಾವ ಮನೋಹರ ಚಿತ್ರವೂ ತಿಳಿಸುತ್ತಿರಲಿಲ್ಲ.

ಈ ಸಮಾರಂಭಗಳನ್ನು ಕುರಿತು ಕನ್ನಡದಲ್ಲಿ ಬರೆಯುವ ಪತ್ರಕರ್ತರಲ್ಲಿಯೂ ಯೂಟ್ಯೂಬಿನಲ್ಲಿ ವಿವರಿಸುವ ತರುಣ ಮಿತ್ರರಲ್ಲಿಯೂ ನನ್ನದೊಂದು ಬಿನ್ನಹವಿದೆ. ಯಾವುದನ್ನು ವೇದಿಕೆಯ ಮೇಲೆ ನಡೆಸಿ ತೋರಿಸಿದರು, ಯಾವುದು ಚಿತ್ರದಲ್ಲಿ ಮಾತ್ರ ಕಂಡಿತು, ಯಾವುದು ನಿಮ್ಮ ಕೈಯಲ್ಲೇ ನಡೆದುದನ್ನು ನೀವು ಕಂಡಿರಿ, ಈ ಮೂರನ್ನು ಬೇರೆಬೇರೆಯಾಗಿ ಹೇಳಿ. ಮುಂದೆ ಬರಲಿದೆಯೆಂದು ಅವರು ಸಣ್ಣ ಅಕ್ಷರದಲ್ಲಿ ಸೂಚಿಸಿದ್ದನ್ನು ನೀವು ದಪ್ಪಕ್ಷರದಲ್ಲಿ ಅಚ್ಚುಮಾಡಿ.